ಪಾಕದ ಕರಬಸಪ್ಪನ ಬೆರಳು

ಆಡೂರಿನ ಕರಬಸಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆ ವಾರ ಹೆತ್ತ ಮಗನೇ ಅವನ ಮಾತು ನಂಬಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ತಪ್ಪಿಲ್ಲದ ಹೆಂಡತಿಯ ಮೇಲೆ ಗೂಬೆ ಕೂತಿತು.

ಮೂವತ್ತು ವರ್ಷದಿಂದ ಅವನು ಊರಾಚೆಯ ಮಾಲತೇಶನ ಗಾಣದಲ್ಲಿ ಬೆಲ್ಲದ ಪಾಕ ನೋಡುವವನು. ಕಬ್ಬಿನ ಹಾಲು ಕುದಿದು ಗಟ್ಟಿಯಾಗುತ್ತಿದ್ದಂತೆ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ನಾಲಿಗೆಗೆ ಮುಟ್ಟಿಸಿ, "ಇನ್ನೊಂದು ಕುದಿ" ಎನ್ನುವನು, ಇಲ್ಲವೇ "ಇಳಸ್ರೋ" ಎನ್ನುವನು. ಅವನ ಮಾತಿಗೆ ಎದುರಿಲ್ಲ. ಒಮ್ಮೆ ಹಾನಗಲ್ಲಿನ ವ್ಯಾಪಾರಿ ಬಂದು, ಬೆಲ್ಲ ಹೇಗಿದೆ ಎಂದು ಕೇಳಿದಾಗ, ಮಾಲೀಕ ಪಕ್ಕದಲ್ಲೇ ನಿಂತಿದ್ದರೂ, "ತಳ ಹಿಡದೈತ್ರಿ, ಒಯ್ಯಬ್ಯಾಡ್ರಿ" ಅಂದುಬಿಟ್ಟಿದ್ದ. ಮಾಲತೇಶ ಮೂರು ದಿನ ಮುಖ ಊದಿಸಿಕೊಂಡಿದ್ದನೇ ಹೊರತು ಕೆಲಸ ಬಿಡಿಸಲಿಲ್ಲ. ಅಂಥ ನಾಲಿಗೆ ಮತ್ತೆಲ್ಲಿ ಸಿಗಬೇಕು?

ಹೋದ ಬೇಸಿಗೆಯಲ್ಲಿ ಕರಬಸಪ್ಪನ ಕುತ್ತಿಗೆಯಲ್ಲಿ ಗಂಟುಗಳು ಎದ್ದವು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು, ಆರು ಸಲ ಕೀಮೋ ಕೊಟ್ಟರು. ಕೂದಲು ಉದುರಿದ್ದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ಕೀಮೋಗೆ ನಾಲಿಗೆ ಹೋಯಿತು. ರೊಟ್ಟಿ ಮಣ್ಣು, ಬೆಲ್ಲ ಸುಣ್ಣ. ಅಂದು ಮಾತ್ರ ಅವನು ಹಿತ್ತಲಿಗೆ ಹೋಗಿ ಒಬ್ಬನೇ ಅತ್ತ. ದೀಪಾವಳಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, "ಸಕ್ಕರಿ ಹೆಚ್ಚಾಗೇತಿ" ಎಂದು ಗದರಿದ. ಹೆಂಡತಿ ಸಿದ್ದವ್ವ ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಮರುದಿನವೇ ಅವನು ಗಾಣಕ್ಕೆ ಹೋದ. ಒಂದು ಸಲ ನೋಡುವಲ್ಲಿ ಎರಡು ಸಲ ರುಚಿ ನೋಡಿದ. ಕಳೆದುಹೋದದ್ದು ಸಿಕ್ಕರೆ ಯಾರಾದರೂ ಹಾಗೆಯೇ ಮಾಡುತ್ತಾರೆ.

ಗಂಟುಗಳೆಲ್ಲ ಕರಗಿದ್ದವು, ಒಂದನ್ನು ಬಿಟ್ಟು. ಅದು ಎದೆಯೊಳಗೆ ಹೃದಯಕ್ಕೆ ಅಂಟಿಕೊಂಡು ಹುಣಸೆಬೀಜದಷ್ಟು ಉಳಿದಿತ್ತು. ಸತ್ತ ಗಂಟೋ, ಜೀವ ಇರುವ ಗಂಟೋ, ಸ್ಕ್ಯಾನ್ ಮಾಡಿದರೇ ಗೊತ್ತಾಗುವುದು ಎಂದರು ಡಾಕ್ಟರಮ್ಮ. ಸತ್ತಿದ್ದರೆ ಆರು ತಿಂಗಳು ಬಿಟ್ಟು ಬಂದರೆ ಸಾಕು. ಜೀವ ಇದ್ದರೆ ಮತ್ತೆ ಕೀಮೋ, ಅಂದರೆ ಮತ್ತೆ ನಾಲಿಗೆ ಹೋಗುವುದು. ಕರಬಸಪ್ಪನಿಗೆ ಸಾವಿನ ಭಯ ಇರಲಿಲ್ಲ ಎಂದರೆ ಅದು ಬರೀ ಬಡಾಯಿ. ಭಯ ಇತ್ತು. ಆದರೆ ಕಣ್ಣು ಮುಚ್ಚಿದರೆ ಮೊದಲು ನೆನಪಾಗುತ್ತಿದ್ದದ್ದು ಆ ಸುಣ್ಣದ ರುಚಿ.

ಸ್ಕ್ಯಾನಿಗೆ ಮೊದಲು ಒಂದು ಚೀಟಿ ಕೊಟ್ಟಿದ್ದರು. ಹಿಂದಿನ ದಿನವೆಲ್ಲ ರೊಟ್ಟಿ, ಅನ್ನ, ಬೇಳೆ, ಹಾಲು, ಹಣ್ಣು, ಸಿಹಿ ಯಾವುದೂ ಕೂಡದು. ಮೊಟ್ಟೆ, ಮಾಂಸ ಅಥವಾ ಪನೀರು, ತುಪ್ಪ, ಸೊಪ್ಪು ತಿನ್ನಬಹುದು. ಸಂಜೆ ಆರರ ಮೇಲೆ ಬರೀ ನೀರು. ಮೊಟ್ಟೆಯನ್ನು ಹೊಸ್ತಿಲೊಳಗೆ ತಾರದ ಮನೆ ಅದು. ಹಾನಗಲ್ಲಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಮಗ ಸಂಜಯ ಪನೀರು ತಂದುಕೊಟ್ಟ. ಸಿದ್ದವ್ವ ಅದನ್ನು ತುಪ್ಪದಲ್ಲಿ ಹುರಿದು, ಮೆಂತ್ಯದ ಪಲ್ಯ ಮಾಡಿ ಬಡಿಸಿದಳು.

"ರೊಟ್ಟಿ ಇಲ್ದ ಬರೇ ಸೊಪ್ಪು ತಿನ್ನಾಕ ನಾ ಏನ್ ಆಕಳನ?" ಎಂದು ಗೊಣಗುತ್ತಲೇ ಅವನು ತಿಂದ. ಮಧ್ಯಾಹ್ನ ಹೊತ್ತು ಹೋಗಲೆಂದು ಗಾಣದ ಕಡೆ ಹೋಗಿ ಬಂದ. ಸಂಜೆ ಆರಾದ ಮೇಲೆ ಒಂದು ಅಗುಳೂ ಬಾಯಿಗೆ ಹೋಗಲಿಲ್ಲ.

ಶುಕ್ರವಾರ ಸ್ಕ್ಯಾನ್ ಮುಗಿಸಿದ ತನ್ವೀರ ಗಂಡ, ಹೆಂಡತಿ, ಮಗ ಮೂವರನ್ನೂ ಒಳಗೆ ಕರೆದ. ಸವಣೂರಿನ ಹುಡುಗ, ಆ ಯಂತ್ರ ನೋಡಿಕೊಳ್ಳುವವನು. ಅವನ ಮುಖ ಸರಿ ಇರಲಿಲ್ಲ.

"ಯಜಮಾನ್ರ, ನಿನ್ನೆ ಏನ್ ತಿಂದ್ರಿ? ಖರೇ ಹೇಳ್ರಿ."

"ಚೀಟ್ಯಾಗ ಬರದಿದ್ದಷ್ಟ ತಿಂದೇನಿ."

"ಮತ್ತ ಇದೇನ್ರಿ?" ಪರದೆಯ ಮೇಲೆ ಎದೆಯ ನಡುವೆ ಮುಷ್ಟಿಯಷ್ಟು ಜಾಗ ನಿಗಿನಿಗಿ ಉರಿಯುತ್ತಿತ್ತು. "ಇದು ನಿಮ್ಮ ಹಾರ್ಟು. ನಾವು ಚುಚ್ಚಿದ್ದು ಬೆಳಕಿನ ಸಕ್ಕರಿ ಅಂತ ತಿಳ್ಕೋರಿ. ಕ್ಯಾನ್ಸರ್ ಗಂಟಿಗೆ ಸಕ್ಕರಿ ಅಂದ್ರ ಭಾಳ ಆಸೆ, ಎಳಕೊಂಡು ಹೊಳೀತೈತಿ. ಆದ್ರ ಹಿಂದಿನ ದಿನ ಸಿಹಿ, ಹಿಟ್ಟು ತಿಂದಿದ್ರ ಹಾರ್ಟೂ ಸಕ್ಕರಿ ಎಳಕೊಂತೈತಿ. ಬರೇ ತುಪ್ಪಾ ಪನೀರಾ ತಿಂದು ಉಪಾಸ ಇದ್ರ ಅದು ಕೊಬ್ಬು ಸುಟಗೊಂಡು ಸುಮ್ನ ಇರತೈತಿ, ಕತ್ತಲಾಗತೈತಿ. ಆವಾಗ ಬಾಜೂ ಇರೋ ಗಂಟು ಕಾಣಬೇಕು."

ಕರಬಸಪ್ಪನಿಗೆ ಥಟ್ಟನೆ ತಿಳಿಯಿತು. "ಒಲೀ ಬಾಯಾಗ ಪಣತಿ ಇಟ್ರ ಹತ್ತೇತೋ ಆರೇತೋ ಯಾರಿಗೆ ತಿಳೀತೈತಿ, ಅಲ್ಲ?"

"ಅಷ್ಟಽ ನೋಡ್ರಿ."

ಡಾಕ್ಟರಮ್ಮ ಬರುವ ಶುಕ್ರವಾರಕ್ಕೆ ಇನ್ನೊಂದು ಸಲ ಬರೆದುಕೊಟ್ಟರು. ಅದೂ ಹೀಗೇ ಆದರೆ ಕಾಯುವುದಕ್ಕಾಗುವುದಿಲ್ಲ, ಗಂಟಿಗೆ ಜೀವ ಇದೆ ಎಂದೇ ತಿಳಿದು ಕೀಮೋ ಶುರು ಮಾಡುತ್ತೇವೆ ಎಂದು ಖಂಡಿತವಾಗಿ ಹೇಳಿದರು.

ಬಸ್ಸಿನಲ್ಲಿ ಸಂಜಯನ ಸಿಟ್ಟು ತಾಯಿಯ ಕಡೆ ತಿರುಗಿತು. "ಅವ್ವಾ, ಅಪ್ಪ ಕೇಳಿದ್ರ ನಿನಗ ಇಲ್ಲ ಅನ್ನಾಕ ಬರೂದಿಲ್ಲ. ಚಾದಾಗ ಸಕ್ಕರಿ ಹಾಕಿ ಕೊಟ್ಟಿರ್ತಿ."

"ನಿನ್ನ ಆಣಿ ಐತಿ, ಕೊಟ್ಟಿಲ್ಲೋ."

"ಮತ್ತ ಸಕ್ಕರಿ ಎದ್ಯಾಗ ತಾನಽ ಹುಟ್ಟಿತೇನು?"

ತಡಸ ಕ್ರಾಸ್ ಬರುವ ಹೊತ್ತಿಗೆ ಸಿದ್ದವ್ವ ಮಂದಿಯ ನಡುವೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಕರಬಸಪ್ಪ ಲೆಕ್ಕ ಹಾಕಿದ. ಅವಳು ಕೊಟ್ಟಿಲ್ಲ, ತಾನು ತಿಂದಿಲ್ಲ. ಹಾಗಾದರೆ ರೋಗ ಹೃದಯಕ್ಕೇ ಹೊಕ್ಕಿದೆಯೇ? ಈ ವಿಚಾರವನ್ನು ಅವನು ಯಾರಿಗೂ ಹೇಳಲಿಲ್ಲ.

ಎರಡು ದಿನ ಮನೆಯಲ್ಲೇ ಕೂತ. ಸೋಮವಾರ ತಡೆಯಲಾರದೆ ಗಾಣಕ್ಕೆ ಹೋದ. ಕೊಪ್ಪರಿಗೆಯಲ್ಲಿ ಪಾಕ ಬುಳುಬುಳು ಕುದಿಯುತ್ತಿತ್ತು. ಹನಿ ಬಿಟ್ಟ, ಉಂಡೆ ಮಾಡಿದ, "ಇನ್ನೊಂದು ಕುದಿ" ಎಂದ. ಮತ್ತೆ ಹನಿ ಬಿಟ್ಟ. ಮತ್ತೆ ಮಾತಾಡಹೋದಾಗ ಬೆರಳು ಬಾಯಲ್ಲೇ ಇತ್ತು. ಅದನ್ನು ಹೊರಗೆ ತೆಗೆದು ನೋಡಿದ. ಯಾರದೋ ಬೆರಳು ನೋಡಿದಂತೆ ನೋಡಿದ.

ಸ್ಕ್ಯಾನಿನ ಹಿಂದಿನ ದಿನ, ಗುರುವಾರ ಮಧ್ಯಾಹ್ನವೂ ಇಲ್ಲಿಗೆ ಬಂದಿದ್ದ. ಎರಡು ಕೊಪ್ಪರಿಗೆ ಇಳಿಸಿದ್ದ. ಒಂದೊಂದಕ್ಕೆ ಎಂಟು ಹತ್ತು ಸಲ ಬೆರಳು ಬಾಯಿಗೆ ಹೋಗಿತ್ತು. ಅದನ್ನು ತಿನ್ನುವುದು ಎಂದು ಯಾರು ಎಣಿಸುತ್ತಾರೆ? ಶಿವರಾತ್ರಿಯ ನಿಟ್ಟುಪವಾಸದ ದಿನವೂ ಅವನು ಪಾಕ ನೋಡಿದ್ದಾನೆ, ಉಪವಾಸ ಮುರಿಯಿತೆಂದು ಅವನಿಗೂ ಅನಿಸಿಲ್ಲ, ಊರಿಗೂ ಅನಿಸಿಲ್ಲ. ಅದು ಕೆಲಸ, ಊಟವಲ್ಲ.

ಕೊಪ್ಪರಿಗೆಯನ್ನು ಇನ್ನೊಬ್ಬನಿಗೆ ಒಪ್ಪಿಸಿ ದಡದಡ ಮನೆಗೆ ನಡೆದ. ಸಿದ್ದವ್ವ ಜೋಳ ಹಸನು ಮಾಡುತ್ತ ಕೂತಿದ್ದಳು.

"ನಿಂದೇನೂ ತಪ್ಪಿಲ್ಲ. ಎಲ್ಲಾ ಈ ಬೆರಳಿಂದು" ಎಂದು ನಡೆದದ್ದನ್ನೆಲ್ಲ ಹೇಳಿದ.

ಅವಳು ಸಮಾಧಾನ ಪಡಲಿಲ್ಲ, ಕೆರಳಿದಳು. "ಬಸ್ಸಿನ್ಯಾಗ ಮಂದಿ ಮುಂದ ಅತ್ತೇನಲ್ರಿ ನಾ! ಆವಾಗ ಎಲ್ಲಿತ್ರಿ ಈ ಬೆರಳು?" ಎಂದು ಮೊರವನ್ನು ನೆಲಕ್ಕೆ ಕುಕ್ಕಿದಳು. ಸಂಜೆ ಸಂಜಯ ಬಂದು "ತಪ್ಪಾತವ್ವ" ಎಂದು ಕಾಲ ಬಳಿ ಕೂತ ಮೇಲೆಯೇ ಅವಳ ಸಿಟ್ಟು ಇಳಿಯಿತು.

ಮರುದಿನದಿಂದ ಅವನು ಮನೆ ಬಿಟ್ಟು ಹೊರಗೆ ಕಾಲಿಡಲಿಲ್ಲ. ಗುರುವಾರ ಮತ್ತೆ ಪನೀರು, ಮತ್ತೆ ಸೊಪ್ಪು. ಮಧ್ಯಾಹ್ನ ಮಾಲತೇಶ ಬೈಕಿನಲ್ಲಿ ಏದುಸಿರು ಬಿಡುತ್ತ ಬಂದ. "ಕಾಕಾ, ಬೆಳಿಗ್ಗಿನ ಪಾಕ ಪೂರಾ ಕರ್ರಗಾತು. ಇನ್ನೊಂದು ಕೊಪ್ಪರಿಗಿ ಕುದ್ಯಾಕತ್ತೈತಿ. ನೀವು ಬಾಯಿಗೆ ಹಚ್ಚಬ್ಯಾಡ್ರಿ, ನಿಂತು ನೋಡ್ರಿ ಸಾಕು."

ಕರಬಸಪ್ಪ ಹೆಂಡತಿಯ ಮುಖ ನೋಡಿದ. ಅವಳು ಹಳೆಯ ಸೀರೆಯ ಅಂಚು ಹರಿದು, ಅವನ ಬಲಗೈಯ ಎರಡು ಬೆರಳುಗಳನ್ನು ಸೇರಿಸಿ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. "ನಾನೂ ಬರ್ತೇನಿ" ಎಂದು ಬೈಕಿನ ಹಿಂದೆ ಮೂರನೆಯವಳಾಗಿ ಹತ್ತಿಯೂಬಿಟ್ಟಳು.

ಕೊಪ್ಪರಿಗೆಯ ಮುಂದೆ ನಿಂತಾಗ ಹಬೆಯ ವಾಸನೆಗೇ ಅವನ ಬಾಯಲ್ಲಿ ನೀರೂರಿತು. ಎಡಗೈಯಲ್ಲಿ ಸವಟು ಹಿಡಿದು ಹನಿ ಬಿಟ್ಟ. ಉಂಡೆ ಕಟ್ಟಿದ. ಹದ ಹತ್ತಿರ ಬಂದಿದೆ, ಎಷ್ಟು ಹತ್ತಿರ ಎಂಬುದು ತಿಳಿಯದು. ಬಟ್ಟೆ ಸುತ್ತಿದ ಬಲಗೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ಎದೆಯ ಮಟ್ಟಕ್ಕೆ ಬಂದಿತ್ತು. ಸಿದ್ದವ್ವ ಮಣಿಕಟ್ಟನ್ನು ಗಪ್ಪನೆ ಹಿಡಿದಳು.

"ನನಗ ಕೊಡ್ರಿ."

ಉಂಡೆಯನ್ನು ಬಾಯಿಗೆ ಹಾಕಿಕೊಂಡಳು.

"ಹೇಳು ಲಗೂ."

"ಸಿಹಿ ಐತ್ರಿ."

"ಬೆಲ್ಲಾ ಖಾರ ಇರತೈತೇನ! ಹಲ್ಲಿಗೆ ಅಂಟತೈತಿಲ್ಲೋ?"

"ಅಂಟತೈತಿ."

"ಇನ್ನೊಂದು ಕುದಿ."

ಎರಡನೇ ಉಂಡೆಯನ್ನು ಅವಳು ಸಾವಕಾಶ ಅಗಿದಳು. ತಪ್ಪು ಹೇಳಿದರೆ ಇಡೀ ಕೊಪ್ಪರಿಗೆ ಹಾಳು, ಆ ಭಯಕ್ಕೆ ಮತ್ತೂ ಅಗಿದಳು. ಕೊಪ್ಪರಿಗೆ ಅವಳಿಗಾಗಿ ಕಾಯಲಿಲ್ಲ. "ಈಗ ಅಂಟವಲ್ದು, ಕಟ್ ಅಂತೈತಿ" ಎಂದದ್ದೇ ತಡ, "ಇಳಸ್ರೋ!" ಎಂದು ಕರಬಸಪ್ಪ ಕೂಗಿದ. ಮನೆಗೆ ಬಂದ ಮೇಲೂ ಅವಳು ಆ ಗಂಟು ಬಿಚ್ಚಲಿಲ್ಲ.

ಶುಕ್ರವಾರ ತನ್ವೀರ ಬಟ್ಟೆ ನೋಡಿ, "ಗಾಯ ಆಗೇತೇನ್ರಿ?" ಎಂದ.

"ಇಲ್ಲಪಾ, ಕಳ್ಳನ್ನ ಕಟ್ಟೇವಿ" ಎಂದಳು ಸಿದ್ದವ್ವ.

ಈ ಸಲ ಪರದೆಯ ಮೇಲೆ ಹೃದಯ ಕತ್ತಲಾಗಿತ್ತು. ಮೂವರೂ ಉಸಿರು ಬಿಟ್ಟರು. ಆಮೇಲೆ ಆ ಕತ್ತಲಿನ ಅಂಚಿನಲ್ಲಿ ಒಂದು ಸಣ್ಣ ಚುಕ್ಕಿ ಮಿಣುಕುವುದು ಕಂಡಿತು. ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಡಾಕ್ಟರಮ್ಮ ಹೇಳಿದರು. ಜೀವ ಇದೆ, ಆದರೆ ಚಿಕ್ಕದು, ಸ್ಪಷ್ಟವಾಗಿ ಕಂಡದ್ದು ಒಳ್ಳೆಯದಾಯಿತು, ಬೇರೆ ಔಷಧ ಹಾಕೋಣ, ಹತ್ತು ದಿನ ಬಿಟ್ಟು ಬನ್ನಿ.

"ನಾಲಿಗಿ ರೀ?" ಎಂದು ಕರಬಸಪ್ಪ ಕೇಳಿದ.

"ಬಹುಶಃ ಹೋಗುತ್ತೆ. ಹೋದ ಸಲ ಬಂದ ಹಾಗೆ ಮತ್ತೆ ಬರಬಹುದು."

ಹೊರಗೆ ಬೆಂಚಿನ ಮೇಲೆ ಮೂವರೂ ಕೂತರು. ಸಿದ್ದವ್ವ ಗಂಡನ ಬೆರಳಿನ ಬಟ್ಟೆ ಬಿಚ್ಚಿದಳು. ಸೆರಗಿನ ಗಂಟಿನಿಂದ ನಿನ್ನೆಯ ಬೆಲ್ಲದ ಚೂರು ತೆಗೆದು ಅವನ ಅಂಗೈಯಲ್ಲಿ ಇಟ್ಟಳು. "ಈಗರ ತಿನ್ರಿ. ನಾ ಹೇಳಿದ ಹದ ಹೆಂಗೈತಿ ನೋಡ್ರಿ."

ಅವನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಚೊಲೋ ಐತಿ ಅನ್ನು ಎಂದು ಸಂಜಯ ಅವನ ಮೊಣಕೈ ತಿವಿಯುತ್ತಲೇ ಇದ್ದ.

"ಒಂದು ಕುದಿ ಹೆಚ್ಚಾಗೇತಿ" ಎಂದ ಕರಬಸಪ್ಪ.

ಸಿದ್ದವ್ವನ ಮುಖ ಸಣ್ಣದಾಯಿತು.

"ಹತ್ತು ದಿನ ಐತಿ. ನಾಳಿಂದ ನನ್ನ ಕೂಡ ಗಾಣಕ್ಕ ಬಾ. ನಂದು ಹೋಗೂದ್ರೊಳಗ ನಿನ್ನ ನಾಲಿಗಿ ತಯಾರಾಗಬೇಕು."

ಅವಳು ಕಣ್ಣು ಒರೆಸಿಕೊಂಡು, ಸೆರಗಿನಲ್ಲಿ ಉಳಿದಿದ್ದ ಚೂರನ್ನು ತನ್ನ ಬಾಯಿಗೆ ಹಾಕಿಕೊಂಡು, ಆ ಹೆಚ್ಚಿನ ಕುದಿ ಅದರಲ್ಲಿ ಎಲ್ಲಿದೆಯೆಂದು ಹುಡುಕತೊಡಗಿದಳು.