ಬೀಗರ ನಡುವೆ ಅಮೆರಿಕ

ಹೋದ ವಾರ ಹಳೆಯ ಪೇಪರು ಕೊಡಲು ಗುಜರಿ ಅಂಗಡಿಗೆ ಹೋಗಿದ್ದೆ. ಆ ಅಂಗಡಿಗಳಿಗೆ ಒಂದು ವಾಸನೆಯಿರುತ್ತದೆ: ಧೂಳು, ಹಳೆಯ ಅಂಟು, ಸ್ವಲ್ಪ ಮಳೆನೀರು, ಯಾರದೋ ಮನೆಯ ನುಸಿಗುಳಿಗೆ. ಆ ವಾಸನೆಯ ನಡುವೆ, ಪಿಯುಸಿ ಗೈಡುಗಳ ಕೆಳಗೆ, ತಕ್ಕಡಿಯ ಮೇಲೆ ನಾನೇ ಅನುವಾದಿಸಿದ ಪುಸ್ತಕ ಮಲಗಿತ್ತು. ತಡೆಯಲಾರದೆ ಎಳೆದುಕೊಂಡೆ.

"ನಿಮ್ದಾ ಮೇಡಂ?" ಎಂದ ಅಂಗಡಿಯವನು.

"ಹೂಂ, ನಂದೇ."

"ಮತ್ಯಾಕೆ ಗುಜ್ರಿಗೆ ಹಾಕಿದ್ರಿ? ಪೇಪರ್ ಚೆನ್ನಾಗೈತೆ. ತಗೊಂಡ್ಹೋಗಿ."

ನನ್ನದು ಎಂದರೆ ಬರೆದವಳು ನಾನು ಎಂದು ವಿವರಿಸುವ ಧೈರ್ಯ ಬರಲಿಲ್ಲ. ಆ ಪುಸ್ತಕದ ಬಗ್ಗೆ ಈವರೆಗೆ ಬಂದ ಅಭಿಪ್ರಾಯಗಳಲ್ಲಿ ‘ಪೇಪರ್ ಚೆನ್ನಾಗೈತೆ’ ಎಂಬುದೇ ಒಳ್ಳೆಯದು. ಮನೆಗೆ ಬರುವ ದಾರಿಯಲ್ಲಿ ನಾಲ್ಕು ಪುಟ ತಿರುಗಿಸಿದೆ, ನಗು ಬಂತು. ಅದನ್ನು ಬರೆಯುವಾಗ ಎರಡು ಮನೆಗಳ ಸಂಬಂಧ ಮುರಿದುಬೀಳುವುದರಲ್ಲಿತ್ತು. ಅದನ್ನು ನಿಮಗೆ ಹೇಳಬೇಕು.

ಪುಸ್ತಕದ ವಿಷಯ ಮೊದಲು ಹೇಳಿಬಿಡುತ್ತೇನೆ. ಅಮೆರಿಕ ಎಂಬ ದೇಶ ಹುಟ್ಟುವಾಗ, ಇಂಗ್ಲೆಂಡಿನ ರಾಜನ ಮೇಲೆ ತಿರುಗಿಬಿದ್ದ ಜನ ಬರೆದ ಕಾಗದಗಳು. ಸೇನಾಪತಿ ತನ್ನ ಪ್ರತಿನಿಧಿಸಭೆಗೆ ಬರೆದದ್ದು, ಸಭೆ ಫ್ರಾನ್ಸಿಗೆ ಕಳಿಸಿದ ರಾಯಭಾರಿ ಊರಿಗೆ ಬರೆದದ್ದು, ಕೊನೆಗೆ ಸಂಧಿಯ ಕರಾರು. ಬೆಂಗಳೂರಿನ ಪ್ರಕಾಶಕರೊಬ್ಬರು ಇವನ್ನು ಕನ್ನಡಕ್ಕೆ ತರಲು ಹೊರಟಾಗ, ಶಿವಮೊಗ್ಗದ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ನನ್ನ ಹೆಸರನ್ನು ಯಾರೋ ಸೂಚಿಸಿದರು. ಯಾರೆಂದು ಇನ್ನೂ ಗೊತ್ತಾಗಿಲ್ಲ. ನನ್ನ ಮೇಲೆ ಸಿಟ್ಟಿದ್ದವರೇ ಇರಬೇಕು. ಇಂಗ್ಲಿಷ್ ಬರುತ್ತದೆ, ಕನ್ನಡ ಬರುತ್ತದೆ, ಇನ್ನೇನು ಬೇಕು ಎಂದುಕೊಂಡು ಒಪ್ಪಿದೆ.

ಮೊದಲ ಕಾಗದವೇ ಕೈಕೊಟ್ಟಿತು. ಹಿಮದ ನಡುವೆ ಬಿಡಾರ ಹೂಡಿದ ಸೇನಾಪತಿ, ಸೈನಿಕರಿಗೆ ಬೂಟಿಲ್ಲ, ಕಂಬಳಿಯಿಲ್ಲ, ಊಟವಿಲ್ಲ ಎಂದು ಬರೆದಿದ್ದಾನೆ. ನನ್ನ ಅನುವಾದದಲ್ಲಿ ಅವನು ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದ. ‘ಸೈನಿಕರ ಸಂಕಷ್ಟಕ್ಕೆ ಈ ಕೆಳಗಿನವು ಪ್ರಮುಖ ಕಾರಣಗಳಾಗಿವೆ.’ ವರ್ಷಗಟ್ಟಲೆ ನೋಟ್ಸ್ ಬರೆಸಿದ ಬಾಯಿ, ಇನ್ನೇನು ಮಾಡೀತು. ಪೆಚ್ಚುಮೋರೆ ಹಾಕಿಕೊಂಡು ಮಾವನ ಬಳಿ ಹೋದೆ.

ಇಲ್ಲಿ ನಮ್ಮ ಮನೆಯ ಭೂಗೋಳ ಸ್ವಲ್ಪ ತಿಳಿಯಬೇಕು. ನಾನು ಭದ್ರಾವತಿಯ ಓಲ್ಡ್ ಟೌನಿನವಳು. ಅಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಯೂನಿಯನ್ನಿನ ಕಾರ್ಯದರ್ಶಿಯಾಗಿ ಮನವಿಪತ್ರ ಬರೆದು ಬರೆದು ಹೆಸರಾದವರು. ನಾನು ಮದುವೆಯಾಗಿ ಸೇರಿದ್ದು ಶಿವಮೊಗ್ಗದ ವಿನೋಬನಗರದ ಜೋಯಿಸರ ಮನೆ. ಮಾವ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರಾಗಿ ನಿವೃತ್ತರಾದವರು. ನಮ್ಮದು ಹಿರಿಯರು ಒಪ್ಪಿ ಮಾಡಿದ ಮದುವೆಯಲ್ಲ, ಮಾಡಿಕೊಂಡ ಮೇಲೆ ಒಪ್ಪಿದ ಮದುವೆ. ಒಪ್ಪಿದ ಮೇಲೆ ಬೀಗರಿಬ್ಬರೂ ಒಬ್ಬರಿಗೊಬ್ಬರು ತೋರಿಸಿದ ಮರ್ಯಾದೆಗೆ ನೋಡುವವರ ಉಸಿರು ಕಟ್ಟುತ್ತಿತ್ತು. ಅಪ್ಪ ಬಂದರೆಂದು ಮಾವ ಎದ್ದು ನಿಲ್ಲುವರು. ಮಾವ ನಿಂತಿದ್ದಾರೆಂದು ಅಪ್ಪ ಕೂರರು. ಹೇಗೋ ಇಬ್ಬರೂ ಕೂತ ಮೇಲೆ ಭದ್ರಾ ಡ್ಯಾಮಿನಲ್ಲಿ ನೀರು ಎಷ್ಟಿದೆ ಎಂದು ಮಾತಾಡುವರು. ನೀರಿನ ಮಟ್ಟ ಮುಗಿದರೆ ಮಾತೂ ಮುಗಿಯಿತು. ಬೇಸಿಗೆಯಲ್ಲಿ ಬೇಗ ಮುಗಿಯುತ್ತಿತ್ತು.

ಸರಿ, ಅಮೆರಿಕದ ಸೇನಾಪತಿ ಮಾವನ ಕೈಗೆ ಸಿಕ್ಕ. ‘ಶ್ರೀಮನ್ಮಹಾಜನಸಭೆಯ ದಿವ್ಯಸನ್ನಿಧಿಯಲ್ಲಿ ಪ್ರಣಾಮಪೂರ್ವಕ ವಿಜ್ಞಾಪನೆ’ ಎಂದು ಆರಂಭಿಸಿದ. ಬೂಟು ಚರ್ಮಪಾದುಕೆಯಾಯಿತು, ಕಂಬಳಿ ಊರ್ಣವಸ್ತ್ರವಾಯಿತು. ಪ್ಯಾರಿಸ್ಸಿನಲ್ಲಿದ್ದ ರಾಯಭಾರಿ ‘ಸರ್ವಾಧಿಕಾರಸಂಪನ್ನ ಸಂಧಿವಿಗ್ರಹಿ’ ಎನಿಸಿಕೊಂಡ. ಓದಲು ಗಂಭೀರವಾಗಿತ್ತು, ಚಳಿ ಮಾತ್ರ ಆಗುತ್ತಿರಲಿಲ್ಲ. ಆದರೂ ನನ್ನ ನೋಟ್ಸಿಗಿಂತ ವಾಸಿ ಎಂದುಕೊಂಡು ಹಾಳೆಗಳನ್ನು ಹಜಾರದ ಮೇಜಿನ ಮೇಲೆ ಜೋಡಿಸಿಟ್ಟೆ.

ಆ ಭಾನುವಾರ ಅಪ್ಪ ಬಂದರು. ನನ್ನ ತಮ್ಮನಿಗೆ ಹೆಣ್ಣು ಗೊತ್ತಾಗಿ ಲಗ್ನಕ್ಕೆ ದಿನವಿಟ್ಟಾಗಿತ್ತು. ಅದನ್ನು ಹೇಳಿಹೋಗಲು ಬಂದದ್ದು. ಮಾವ ದೇವರಮನೆಯಲ್ಲಿದ್ದರು. ನಾನು ಕಾಫಿ ತಂದುಕೊಡುವಷ್ಟರಲ್ಲಿ ಅಪ್ಪ ಮೇಜಿನ ಮೇಲಿನ ಹಾಳೆ ಎತ್ತಿಕೊಂಡು, ಬೆರಳಿಟ್ಟು ಓದುತ್ತಿದ್ದರು.

"ಪುಟ್ಟಿ, ಈ ಮನುಷ್ಯ ಬೂಟಿಲ್ಲ ಅಂತಿದಾನೋ, ಮಂತ್ರ ಹೇಳ್ತಿದಾನೋ?" ಎಂದು ನಕ್ಕರು.

ಅಪ್ಪನ ನಗು ಸಣ್ಣದಲ್ಲ. ಮಿಷನ್ನುಗಳ ಸದ್ದಿನ ಮೇಲೆ ನಕ್ಕು ರೂಢಿಯಾದದ್ದು. ದೇವರಮನೆಯ ಗಂಟೆ ಅರ್ಧಕ್ಕೆ ನಿಂತಿತು. ಮಾವ ಹೊರಗೆ ಬಂದರು.

"ಏನು ಬೀಗ್ರು, ಭಾಳ ನಗ್ತಿದೀರಿ?"

"ಏನಿಲ್ಲ ಜೋಯಿಸ್ರೇ. ಚಳೀಲಿ ಸಾಯ್ತಿರೋರು ಇಷ್ಟುದ್ದ ನಮಸ್ಕಾರ ಹಾಕ್ತಾರಾ ಅಂತ."

"ನೀವಾಗಿದ್ರೆ ಹೆಂಗೆ ಬರೀತಿದ್ರಿ?"

ಯಾರಾದರೂ ಬರೆದುಕೊಡಿ ಎಂದರೆ ಇಲ್ಲವೆಂದು ಅಪ್ಪನಿಗೆ ಗೊತ್ತೇ ಇಲ್ಲ. ಜೇಬಿನಿಂದ ಪೆನ್ನು ತೆಗೆದರು. ‘ಮಾನ್ಯರೇ, ವಿಷಯ: ಬೂಟು ಮತ್ತು ಕಂಬಳಿ ಕೂಡಲೇ ಒದಗಿಸುವ ಬಗ್ಗೆ’ ಎಂದು ಶುರುವಾದದ್ದು, ‘ತಪ್ಪಿದಲ್ಲಿ ಮುಂದಾಗುವ ಅನಾಹುತಗಳಿಗೆ ತಾವೇ ಹೊಣೆಗಾರರು’ ಎಂದು ಮುಗಿಯಿತು. ಸೇನಾಪತಿ ಇನ್ನೇನು ಕಾರ್ಖಾನೆಯ ಗೇಟಿನ ಮುಂದೆ ಧರಣಿ ಕೂರುವವನಂತಿದ್ದ.

ಮಾವ ಓದಿ, ಹಾಳೆಯನ್ನು ಎರಡೇ ಬೆರಳಲ್ಲಿ ಹಿಡಿದು ಕೆಳಗಿಟ್ಟರು. "ಕಬ್ಬಿಣ ಬಗ್ಸಿದಂಗೆ ಭಾಷೆ ಬಗ್ಸಕ್ಕಾಗಲ್ಲ ಬೀಗ್ರೇ."

ಅಪ್ಪ ಅರ್ಧ ಕುಡಿದ ಕಾಫಿ ಲೋಟ ಕೆಳಗಿಟ್ಟು, "ಬರ್ತೀನಿ ಪುಟ್ಟಿ" ಎಂದು ಚಪ್ಪಲಿ ಮೆಟ್ಟಿಕೊಂಡರು. ಗೇಟಿನವರೆಗೂ ಹಿಂದೆ ಹೋದೆ. ತಿರುಗಿ ನೋಡಲಿಲ್ಲ.

ನಗುವ ವಿಷಯವೆಂದು ನಿಮಗೆ ಅನ್ನಿಸಬಹುದು, ಈಗ ನನಗೂ ಅನ್ನಿಸುತ್ತದೆ. ಆಗ ಹಾಗಿರಲಿಲ್ಲ. ಬೀಗರನ್ನು ಮದುವೆಗೆ ಕರೆಯುವುದೆಂದರೆ ಗಂಡಹೆಂಡತಿ ಇಬ್ಬರೂ ಮನೆಗೆ ಬಂದು, ಕುಂಕುಮವಿಟ್ಟು ಕರೆಯಬೇಕು. ಅಪ್ಪ ಫೋನಿನಲ್ಲಿ, "ಕಾರ್ಡು ಪೋಸ್ಟಲ್ಲಿ ಬರುತ್ತೆ, ಬಿಡು" ಎಂದರು. ಮಾವ, "ಕರೆಯೋ ರೀತೀಲಿ ಕರೆದ್ರೆ ಹೋಗೋದಪ್ಪ" ಎಂದು ಪಂಚಾಂಗದೊಳಗೆ ತಲೆ ಹಾಕಿದರು. ತಮ್ಮನ ಮದುವೆಯಲ್ಲಿ ನನ್ನ ಅತ್ತೆಮನೆಯವರ ಕುರ್ಚಿಗಳು ಖಾಲಿಯಿದ್ದರೆ ಓಲ್ಡ್ ಟೌನಿನವರು ಏನು ಹೇಳುತ್ತಾರೆಂದು ಗೊತ್ತಿತ್ತು: ನೋಡಿ, ಇವಳನ್ನು ಅವರು ಒಪ್ಪಿರಲೇ ಇಲ್ಲ. ಅದು ಸುಳ್ಳೆಂದು ಹೇಳಲು ಆಗ ನನ್ನ ಹತ್ತಿರವೂ ಪುರಾವೆ ಇರಲಿಲ್ಲ. ಗಂಡನ ಮುಂದೆ ಅತ್ತುಬಿಟ್ಟೆ. ಅವರು ಬ್ಯಾಂಕಿನ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತ, "ನೀನೇ ಏನಾದ್ರೂ ಮಾಡು ಮಾರಾಯ್ತಿ. ನಾನು ಬಾಯಿ ಹಾಕಿದ್ರೆ ಎರಡೂ ಕಡೆಯಿಂದ ಬೀಳುತ್ತೆ" ಎಂದರು. ಅಮೆರಿಕದ ಯುದ್ಧ ನಡೆಯುವಾಗ ಯುರೋಪಿನಲ್ಲೂ ಇಂಥ ತಟಸ್ಥ ದೇಶಗಳು ಹಲವಿದ್ದವು.

ಹೀಗೆ ನಾನು ರಾಯಭಾರಿಯಾದೆ. ಹಗಲು ಕಾಗದಗಳಲ್ಲಿ ಓದಿದ್ದನ್ನು ಸಂಜೆ ಪ್ರಯೋಗಿಸುತ್ತಿದ್ದೆ. ಪ್ಯಾರಿಸ್ಸಿನ ಆ ಮುದುಕ ರಾಯಭಾರಿ ಎಷ್ಟು ನಯಗಾರನೆಂದರೆ, ತುಪ್ಪಳದ ಟೋಪಿ ಹಾಕಿಕೊಂಡು ಓಡಾಡಿಯೇ ಒಂದು ರಾಜಧಾನಿಯನ್ನು ಒಲಿಸಿಕೊಂಡಿದ್ದ. ನಾನು ಶನಿವಾರ ಬಸ್ಸು ಹತ್ತಿ ಭದ್ರಾವತಿಗೆ ಹೋಗುವುದು, ಅಪ್ಪ "ಅವರ ಕನ್ನಡ ಓದಕ್ಕೆ ಪಕ್ಕದಲ್ಲಿ ಇನ್ನೊಬ್ಬ ಜೋಯಿಸ ಬೇಕು" ಎಂದರೆ, ವಾಪಸು ಬಂದು "ನಿಮ್ಮ ಪಾಂಡಿತ್ಯಕ್ಕೆ ಸಮ ಇಲ್ಲ ಅಂದ್ರು ಅಪ್ಪ" ಎನ್ನುವುದು. ಮಾವ "ನಿಮ್ಮಪ್ಪ ಬರೆದಿದ್ದು ಡಿಮ್ಯಾಂಡ್ ನೋಟೀಸು" ಎಂದರೆ, "ಬರವಣಿಗೆ ನೇರವಾಗಿದೆ ಅಂತಾರೆ ಮಾವ" ಎಂದು ಅಪ್ಪನಿಗೆ ಫೋನು ಮಾಡುವುದು. ರಾಜತಂತ್ರದಲ್ಲಿ ನಾನು ಪಳಗಿದೆನೆಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಕೊನೆಗೊಂದು ದಿನ ಅಪ್ಪ, "ಪುಟ್ಟಿ, ಅವರು ಹಂಗೆ ಅನ್ನೋರಲ್ಲ. ನೀನು ಸುಳ್ಳು ಹೇಳ್ತಿದೀಯ" ಎಂದರು. ಮಾವನೂ ಅದೇ ವಾರ, "ನಿಮ್ಮಪ್ಪ ಪಾಂಡಿತ್ಯ ಅನ್ನೋ ಪದ ಬಳಸಲ್ಲಮ್ಮ" ಎಂದರು. ಇಬ್ಬರೂ ಒಬ್ಬರನ್ನೊಬ್ಬರು ಅಷ್ಟು ಸರಿಯಾಗಿ ಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

ಸೋತು ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಕೂತೆ. ಅತ್ತೆ ಹುರುಳಿಕಾಯಿ ಸೋಸುತ್ತ, ತಲೆ ಎತ್ತದೆ ಹೇಳಿದರು: "ನಾನೂ ನಿಮ್ಮಮ್ಮನೂ ಆಗ್ಲೇ ಮಾತಾಡಿ ಆಯ್ತು ಕಣೇ. ಗುರುವಾರ ಬರ್ತಾರೆ. ಇಬ್ರೂನೂ."

ಜಗಳವಾದ ದಿನ ಸಂಜೆಯಿಂದಲೇ ಈ ಹೆಂಗಸರಿಬ್ಬರೂ ದಿನಾ ಫೋನಿನಲ್ಲಿದ್ದರಂತೆ. ಅಮೆರಿಕದವರು ಕೂಡ ಕೊನೆಗೆ, ಜೊತೆಗಿದ್ದ ಫ್ರಾನ್ಸಿಗೆ ಹೇಳದೆಯೇ ಇಂಗ್ಲೆಂಡಿನವರ ಜೊತೆ ಸಂಧಿಯ ಮಾತು ಮುಗಿಸಿಕೊಂಡಿದ್ದರು. ಆಮೇಲೆ ರಾಯಭಾರಿ ಫ್ರಾನ್ಸಿನ ಮಂತ್ರಿಗೆ, ತಪ್ಪಾಯಿತು, ಹೇಳಬೇಕಿತ್ತು ಎಂಬಂತೆ ಬಹಳ ನಯವಾಗಿ ಬರೆದ. ಆ ಹೊತ್ತಿನಲ್ಲೇ ಅವರಿಂದ ಇನ್ನಷ್ಟು ಸಾಲದ ಮಾತೂ ನಡೆದಿತ್ತು. ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತ ಅತ್ತೆ ಮಾವನಿಗೆ, "ನಿಮಗೆ ಮೊದ್ಲೇ ಹೇಳ್ಬೇಕಿತ್ತು, ಮರೆತೇ ಹೋಯ್ತು" ಎಂದು ಗುರುವಾರದ ವಿಷಯ ತಿಳಿಸಿದರು. ಇನ್ನೊಂದು ಸೌಟು ಸಾರು ಹಾಕಿ, "ಮದ್ವೆಗೆ ಉಡಕ್ಕೆ ನಂದೊಂದು ರೇಷ್ಮೆಸೀರೆ ಆಗ್ಬೇಕು" ಎಂದರು. ಅತ್ತೆ ನನ್ನ ಅನುವಾದದ ಒಂದು ಪುಟವನ್ನೂ ಓದಿರಲಿಲ್ಲ.

ಗುರುವಾರ ಅಪ್ಪ ಅಮ್ಮ ಬಂದರು. ಅಮ್ಮ ಅತ್ತೆಗೆ ಕುಂಕುಮವಿಟ್ಟರು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ, "ಕುಟುಂಬ ಸಮೇತ ಬರ್ಬೇಕು" ಎಂದರು. ಮಾವ ಅದೇ ಕ್ಯಾಲೆಂಡರ್ ನೋಡುತ್ತ, "ಆಗ್ಲಿ" ಎಂದರು. ಹೆಂಗಸರು ಒಳಗೆ ಹೋದರು. ಹಜಾರದಲ್ಲಿ ಇಬ್ಬರೂ ಉಳಿದರು, ನಡುವೆ ನಾನು. ಡ್ಯಾಮಿನ ನೀರನ್ನು ಕೂಡ ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಪ್ರಕಾಶಕರ ಫೋನು ಬಂತು. "ಇಲ್ಲ ಸಾರ್, ಒಂದೇ ಕಾಗದ ಬಾಕಿ. ಅದು ಬಗೆಹರೀತಿಲ್ಲ" ಎಂದು ಇಟ್ಟೆ.

"ಯಾವುದಮ್ಮ?" ಎಂದರು ಮಾವ, ನನ್ನ ಕಡೆ ನೋಡದೆ.

ಹೇಳಿದೆ. ಯುದ್ಧ ಶುರುವಾದಾಗ, ಮುಂದೆ ರಾಯಭಾರಿಯಾದ ಆ ಮುದುಕ, ಇಂಗ್ಲೆಂಡಿನ ತನ್ನ ಹಳೆಯ ಗೆಳೆಯನೊಬ್ಬನಿಗೆ ಬರೆದದ್ದು. ಗೆಳೆಯ ಅಲ್ಲಿನ ಪಾರ್ಲಿಮೆಂಟಿನವನು. ನೀನು ನಮ್ಮೂರುಗಳನ್ನು ಸುಡುವವರ ಜೊತೆ ಸೇರಿದೆ ಎಂದು ಮುದುಕನಿಗೆ ಸಿಟ್ಟು. ಬಹಳ ಕಾಲದ ಗೆಳೆತನ ನಮ್ಮದು, ಈಗ ನೀನು ನನ್ನ ಶತ್ರು ಎಂದು ಬರೆದು ಸಹಿ ಹಾಕಿದ್ದಾನೆ. ತೊಡಕಿರುವುದು ಸಹಿಯ ಮೇಲಿನ ಕೊನೆಯ ಪದದಲ್ಲಿ. ಇಂಗ್ಲಿಷಿನಲ್ಲಿ ಅದನ್ನು ‘ನಾನೂ ನಿನ್ನ ಶತ್ರು’ ಎಂದೂ ಓದಬಹುದು. ಎಲ್ಲ ಕಾಗದಗಳ ಕೊನೆಗೆ ಬರೆಯುವ ‘ನಿನ್ನವನೇ ಆದ’ ಎಂಬ ಮಾಮೂಲು ಮಾತೆಂದೂ ಓದಬಹುದು. ಎರಡೂ ಅರ್ಥ ಒಟ್ಟಿಗೆ ಕನ್ನಡದಲ್ಲಿ ಬರಬೇಕು.

"ಶತ್ರು ಬೇಡ, ವೈರಿ ಅಂತ ಹಾಕು" ಎಂದರು ಮಾವ.

"ವೈರಿ ಸರಿ" ಎಂದರು ಅಪ್ಪ.

ಮೂವರಿಗೂ ಗಾಬರಿಯಾಯಿತು. ಮಾವ ಕೆಮ್ಮಿ ಮುಂದುವರಿಸಿದರು. "ಕೊನೆಗೆ ‘ಭವದೀಯ ವೈರಿ’ ಅಂತ ಮಾಡಿ..."

"ಎರಡೆರಡು ಸಲ ವೈರಿ ಯಾಕೆ ಜೋಯಿಸ್ರೇ? ಒಂದ್ಸಲ ಬೈದಾಯ್ತಲ್ಲ."

"ಹಂಗಂತ ಬರೀ ಸಹಿ ಹಾಕಕ್ಕಾಗುತ್ತಾ? ಕಾಗದ ಅಂದ್ಮೇಲೆ ಕೊನೆಗೆ ಇಂತಿ ಅಂತ ಬರ್ಬೇಕು."

"ಇಂತಿ ಬೇಡ ಅಂತ ಯಾರಂದ್ರು? ನಾವೂ ಹಾಕ್ತಿದ್ವಿ. ಇಂತಿ ನಿಮ್ಮ, ಅಂತ ಹಾಕಿ, ಕೆಳಗೆ..."

ಅಪ್ಪ ನಿಲ್ಲಿಸಿದರು. ಮಾವ ಕ್ಯಾಲೆಂಡರಿನಿಂದ ಕಣ್ಣು ತೆಗೆದು ಅಪ್ಪನನ್ನು ನೋಡಿದರು. ಆಮೇಲೆ ಒಂದೊಂದೇ ಪದ ಇಳಿಸಿದರು. "‘ನೀವೀಗ ನನ್ನ ವೈರಿ. ಇಂತಿ ನಿಮ್ಮ.’ ಅಷ್ಟೇ. ಕೆಳಗೆ ಸಹಿ."

"ನಿಮ್ಮ ಅಂದ್ರೆ, ನಿಮ್ಮ ಏನು ಅಂತ?" ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆ ಕೇಳಿದರು.

"ಅದನ್ನ ಹೇಳ್ಬಾರ್ದು" ಎಂದರು ಇಬ್ಬರೂ ಒಟ್ಟಿಗೆ.

ಅಪ್ಪ, "ಆ ಗೆಳೆಯ ಓದಿ ಏನಂದ?" ಎಂದು ನನ್ನನ್ನು ಕೇಳಿದರು.

"ಓದ್ಲಿಲ್ಲ ಅಪ್ಪ. ಮುದುಕ ಅದನ್ನ ಕಳಿಸ್ಲೇ ಇಲ್ಲ. ಬರೆದು ಇಟ್ಕೊಂಡ. ಆಮೇಲೂ ಅವರಿಬ್ಬರ ಸ್ನೇಹ ಉಳೀತು."

"ಬುದ್ಧಿವಂತ. ನಾವು ಬಾಯಲ್ಲೇ ಅಂದುಬಿಟ್ವಿ" ಎಂದರು ಅಪ್ಪ.

"ಆ ಕಬ್ಬಿಣದ ಮಾತು ನಾನು ಆಡ್ಬಾರ್ದಿತ್ತು" ಎಂದರು ಮಾವ, ಪಂಚೆಯ ಅಂಚು ಸರಿಮಾಡಿಕೊಳ್ಳುತ್ತ.

"ನಾನೂ ಹಂಗೆ ನಗಬಾರ್ದಿತ್ತು. ಆದ್ರೆ ಜೋಯಿಸ್ರೇ, ಚರ್ಮಪಾದುಕೆ ಮಾತ್ರ ತೆಗೀಬೇಕು."

"ತೆಗಿಯಲ್ಲ."

ಅಲ್ಲಿಂದ ಮುಂದಿನದು ಜಗಳವೇ, ಆದರೆ ನಾನು ಎದ್ದು ಒಳಗೆ ಹೋಗಬಹುದಾದ ಜಗಳ. ತಮ್ಮನ ಮದುವೆಗೆ ಮಾವ ಮುಂಚಿನ ದಿನವೇ ಹೋದರು. ಧಾರೆಯಾಗುವಾಗ ಇಬ್ಬರೂ ಮೊದಲ ಸಾಲಿನಲ್ಲಿ ಕೂತು, ಆಹ್ವಾನಪತ್ರಿಕೆಯ ಒಂದು ಒತ್ತಕ್ಷರದ ಬಗ್ಗೆ ದನಿ ಏರಿಸಿ ವಾದಿಸಿದರು. ನೆಂಟರೊಬ್ಬರು ಓಡಿಬಂದು ಅಮ್ಮನಿಗೆ, ಬೀಗರು ಜಗಳಕ್ಕೆ ಬಿದ್ದಿದ್ದಾರೆ ಎಂದರು. "ಜಗಳ ಅಲ್ಲ, ಪುಸ್ತಕ ಬರೀತಿದಾರೆ" ಎಂದು ಅಮ್ಮ ಅಕ್ಷತೆ ಹಂಚಲು ಹೋದರು. ‘ಇಂತಿ ನಿಮ್ಮ’ ಹೊಳೆದದ್ದು ತಮಗೇ ಎಂದು ಇಬ್ಬರೂ ಇವತ್ತಿಗೂ ಬೇರೆ ಬೇರೆಯಾಗಿ ನನಗೆ ಹೇಳುತ್ತಾರೆ. ನಾನು ಇಬ್ಬರಿಗೂ ಹೌದೆನ್ನುತ್ತೇನೆ.

ಇವತ್ತು ಭಾನುವಾರ. ಅಪ್ಪ ಬೆಳಗಿನ ಬಸ್ಸಿಗೆ ಬಂದಿದ್ದಾರೆ. ಇಬ್ಬರೂ ಸೇರಿ ಸಂಧಿಯ ಕರಾರನ್ನು ಮೊದಲಿಂದ ತಿದ್ದುತ್ತಿದ್ದಾರೆ, ಎರಡನೆಯ ಮುದ್ರಣಕ್ಕಂತೆ. ಯಾರೂ ಕೇಳಿಲ್ಲ. ಈಗಷ್ಟೇ ಅಪ್ಪ ಇದನ್ನು ಬರೆಯುತ್ತಿರುವ ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, "ನಾನು ಬರೆದಿದ್ದು ನೋಡಿ ನಿಮ್ಮ ಮಾವ ಏನಂದ್ರು ಪುಟ್ಟಿ?" ಎಂದು ಕೇಳಿದರು.

"ತಲೆಬುಡ ಇಲ್ಲ ಅಂದ್ರು" ಎಂದೆ, ಅವರು ಅಂದದ್ದನ್ನು ಅಂದ ಹಾಗೇ.

"ಹಂಗಂದ್ರಾ?" ಅಪ್ಪನ ಮುಖ ಅರಳಿತು. ಕನ್ನಡಕ ಒರೆಸಿ ಹಾಕಿಕೊಂಡು, ಕುರ್ಚಿಯೊಂದನ್ನು ಎತ್ತಿಕೊಂಡು, ಮಾವನ ಕೋಣೆಯ ಕಡೆ ಹೊರಟರು.