ಬಣ್ಣದ ಮನಿಯ ಮಣ್ಣೆತ್ತು

ಇಳಕಲ್ಲಿನ್ಯಾಗ ನಮ್ಮ ಮನಿಗೆ ಇವತ್ತಿಗೂ ಬಣ್ಣದ ಮನಿ ಅಂತಾರ. ನಮಗ ಮಾರಿದವರು ಸೀರಿ ನೂಲಿಗೆ ಬಣ್ಣ ಹಾಕೂ ಮಂದಿ. ಹಂಡೇದಾಗ ಉಳದ ಬಣ್ಣದ ನೀರು ತಲಿತಲಾಂತರದಿಂದ ಹಿತ್ತಲಕ್ಕ ಚೆಲ್ಲಿಕೋತ ಬಂದಿದ್ರು. ಕೀಲಿ ಕೈಯಾಗ ಕೊಡೂಮುಂದ ಆ ಮನಿ ಅಜ್ಜಿ, "ನಮ್ಮ ಬಣ್ಣ ಎಂದೂ ಹೋಗಂಗಿಲ್ಲ ತಂಗಿ" ಅಂದಿದ್ಲು. ಸೀರಿ ಬಗ್ಗೆ ಹೇಳಾಕತ್ತಾಳ ಅಂತ ನಾ ತಿಳಕೊಂಡಿದ್ದೆ.

ಮಳಿ ಬಂದ್ರ ಹಿತ್ತಲದಿಂದ ನೇರಳಿ ಬಣ್ಣದ ನೀರು ಹರೀತಿತ್ತು. ಎಷ್ಟ ಚಂದ ಅಂತ ಬಾಗಲಾಗ ಕುಂತು ನೋಡತಿದ್ದೆ. ನಮ್ಮ ಮಗಳು ಅದ ಮಣ್ಣಾಗ ಹೊರಳ್ಯಾಡಿ ಬೆಳದಾಕಿ. ಆಡತಿತ್ತು ಅಷ್ಟ ಅಲ್ಲ, ಮುಷ್ಟಿ ಮುಷ್ಟಿ ತಿಂತಿತ್ತು ಕೂಸು. ಬಾಯಿ ತಗದ್ರ ನಾಲಿಗಿ ನೀಲಿ. ನೇರಳಿಹಣ್ಣು ತಿಂದೀಯೇನಬೇ ಅಂತ ಓಣಿಯವರು ಕಾಡಿಸಿ ನಗತಿದ್ರು, ನಾನೂ ನಗತಿದ್ದೆ.

ಮಗಳನ್ನ ಗುಳೇದಗುಡ್ಡಕ್ಕ ಕೊಟ್ಟ ಮ್ಯಾಲೆ ಸರ್ಕಾರದ ಮಂದಿ ಬಂದು ನಮ್ಮ ಹಿತ್ತಲ ಮಣ್ಣು ಬಾಟ್ಲಿಯೊಳಗ ತುಂಬಿಕೊಂಡು ಹೋದ್ರು. ಚಾ ಕೊಟ್ರ ಕುಡೀಲಿಲ್ಲ. ಆವಾಗನ ನನಗ ತಿಳೀಬೇಕಿತ್ತು. ಮುಂದ ಒಂದು ದಿನ ಗೇಟಿಗೆ ಬೋರ್ಡ್ ಬಡದ್ರು: ಇಲ್ಲಿಯ ಮಣ್ಣು ವಿಷಯುಕ್ತ, ಯಾರೂ ಮುಟ್ಟಬಾರದು. ಇಷ್ಟು ವರ್ಷ ಮುಟ್ಟಿದವರು ಏನ ಮಾಡಬೇಕು ಅನ್ನೂದು ಅದರಾಗ ಬರದಿರಲಿಲ್ಲ.

ದಿನಾ ನಮ್ಮ ಕರಿಬೇವು ಹರಕೊಂಡು ಹೋಗೂ ಹೆಣಮಕ್ಕಳು ಈಗ ನಮ್ಮ ಗ್ವಾಡಿಗೆ ಸೆರಗು ತಾಕದಂಗ ಹಾಯಾಕ ಹತ್ತಿದ್ರು. ಹಾಯಲಿ ಬಿಡು, ಕರಿಬೇವರ ಉಳೀತಾವು ಅಂದೆ. ಆದ್ರ ಮಗಳು ಆವಾಗ ಬಸರಿ. ಮೊದಲನೇ ಬಾಣಂತನ, ತವರಿಗೆ ಬರಬೇಕು. ಗುಳೇದಗುಡ್ಡದಿಂದ ಬೀಗತಿ ಫೋನ್ ಬಂತು.

"ನಿಮ್ಮ ಬೋರ್ಡಿನ ಫೋಟೋ ನಮಗೂ ಬಂದೈತ್ರಿ. ಹುಡುಗಿ ಇಲ್ಲೇ ಇರಲಿ. ನಾವೇನು ಬಾಣಂತನ ಮಾಡಲಾರದವರೇನ್ರಿ?"

ಮಂದಿ ಏನಂತಾರ ಅನ್ನೂದು ಹಾಳಾಗಿ ಹೋಗಲಿ. ಆ ನೀಲಿ ನಾಲಿಗಿ ನೆನಪಾದಾಗೊಮ್ಮೆ ರಾತ್ರಿ ಎದ್ದು ಕುಂದರತಿದ್ದೆ. ಮಗಳು ನನ್ನ ಕಣ್ಣಮುಂದ ಇರಬೇಕಿತ್ತು. ಮಣ್ಣ ತಗದ ಮ್ಯಾಲರ ಕಳಸ್ತೀರೇನ್ರಿ ಅಂತ ಕೇಳಿದೆ. ನೋಡೂಣಂತ ಅಂದ್ಲು.

ಕೈಗವಸು ಹಾಕ್ಕೊಂಡು, ಮಾರಿಗೆ ಅರಬಿ ಕಟಗೊಂಡ ಆಳುಗಳು ಬಂದು ಹಿತ್ತಲಾ ಅಗದ್ರು. ಕರಿಬೇವು ಹೋತು, ನುಗ್ಗಿ ಹೋತು. ಮ್ಯಾಲಿನ ಬಣ್ಣದ ಮಣ್ಣಿನ ಕೆಳಗ ಕರ್ರಗ, ಬೆಣ್ಣಿಯಂಥಾ ಎರಿಮಣ್ಣು. ಅದರಾಗೂ ಬಣ್ಣ ಇಳದೈತಿ ಅಂತ ಅದನ್ನೂ ತಗದ್ರು. ಟ್ರ್ಯಾಕ್ಟರ್ ನಾಳೆ ಬರ್ತೈತಿ ಅಂತ ಎಲ್ಲಾ ಹೊತ್ತು ತಂದು ಓಣಿ ಬಾಯಾಗ ಗುಡ್ಡಿ ಹಾಕಿ, ತಾಡಪತ್ರಿ ಮುಚ್ಚಿದ್ರು.

"ಸಾಹೇಬ್ರ, ಈ ಗುಡ್ಡಿಗೂ ಒಂದು ಬೋರ್ಡ್ ಹಚ್ಚ್ರಿ" ಅಂತ ಆಳುಗಳ ಕೂಡ ಬಂದ ಸಾಹೇಬಗ ಅಂದೆ.

"ಬೋರ್ಡ್ ಮನಿಗೆ ಮಂಜೂರಾಗೈತ್ರಿ ಅಕ್ಕಾರ, ಗುಡ್ಡಿಗೆ ಇಲ್ಲ."

ಹಿಂಗಾಗಿ ವಿಷ ಇಲ್ಲದ ಮನಿಗೆ ಬೋರ್ಡ್ ಉಳೀತು, ವಿಷ ರಸ್ತೆ ಮ್ಯಾಲೆ ಆರಾಮ ಕುಂತಿತು. ಸರ್ಕಾರದ ನಾಳೆ ಅಂದ್ರ ಗೊತ್ತಲ್ಲ, ಟ್ರ್ಯಾಕ್ಟರ್ ಬರಲಿಲ್ಲ.

ಮಣ್ಣೆತ್ತಿನ ಅಮಾಸಿ ಹಿಂದಿನ ದಿನ ಬೀಗತಿ ತಾನ ಬಂದ್ಲು, ಕಣ್ಣಾರೆ ನೋಡಾಕ. ಸೀರಿ ನಿರಿಗಿ ಎತ್ತಿ ಹಿಡಕೊಂಡು ಒಳಗ ಬಂದ್ಲು. ನೀರು ಕೊಟ್ರ, ಬ್ಯಾಡ್ರಿ, ಊರಿಂದ ತಂದೇನಿ ಅಂತ ಚೀಲದಾಗಿನ ಬಾಟ್ಲಿ ತಗದು ಕುಡದ್ಲು. ಹಿತ್ತಲದ ತೆಗ್ಗು ನೋಡಿ ಮೂಗು ಮುಚ್ಚಿಕೊಂಡ್ಲು. "ಇಲ್ರಿ, ನನಗ ಧೈರ್ಯ ಸಾಲೂದಿಲ್ಲ" ಅಂದು ಬಸ್ಸಿಗೆ ಹೋದ್ಲು. ನಾ ಅಡಗಿಮನ್ಯಾಗ ಕುಂತು ಅತ್ತೆ.

ಅಮಾಸಿ ಕಳದು ನಾಕೈದು ದಿನ ಆಗಿರಬೇಕು, ಮತ್ತ ಆಕೀದ ಫೋನ್. ದನಿ ಭಾಳ ಸಣ್ಣಗಿತ್ತು.

"ಅಲ್ರಿ, ನಿಮ್ಮ ಓಣಿ ಬಾಯಾಗ ಎರಿಮಣ್ಣಿನ ಗುಡ್ಡಿ ಇತ್ತಲ್ರಿ, ಅದು ತೆಗ್ಗು ತುಂಬಾಕ ತರಿಸಿದ ಹೊಸಾ ಮಣ್ಣ ಹೌದಲ್ರಿ?"

"ಯಾಕ್ರಿ?"

ಒಂದೊಂದ ಮಾತು ಹೊರಗ ಬಂತು. ಮಣ್ಣೆತ್ತಿನ ಅಮಾಸಿಗೆ ನಮ್ಮ ಕಡೆ ಮನಿಮನ್ಯಾಗ ಮಣ್ಣಿನ ಎತ್ತು ಮಾಡಿ ಜಗಲಿ ಮ್ಯಾಲಿಟ್ಟು ಪೂಜಿ ಮಾಡತಾರ, ಆಮ್ಯಾಲೆ ಬಾವಿಗೆ ಬಿಡತಾರ. ಬೀಗತಿ ಓಣಿಯೆಲ್ಲಾ ಕಲ್ಲು, ಎತ್ತಿಗೆ ಮಣ್ಣ ಹುಡುಕೂದ ಒಂದು ಫಜೀತಿ. ಬಸ್ಸಿಗೆ ಹೋಗೂಮುಂದ ಗುಡ್ಡಿ ಕಂಡೈತಿ, ಬೋರ್ಡೂ ಇಲ್ಲ. ತಾಡಪತ್ರಿ ಎತ್ತಿ ನಾಕು ಹೆಂಟಿ ಚೀಲಕ್ಕ ಹಾಕ್ಕೊಂಡಾಳ! ನಮ್ಮ ಮನಿ ನೀರು ಮುಟ್ಟದಾಕಿ ಅದನ್ನ ಬರಿಗೈಲೆ ನಾದಿ, ಎತ್ತು ಮಾಡಿ, ಹೋಳಿಗಿ ನೈವೇದ್ಯ ಹಿಡದಾಳ. ಎತ್ತು ಒಣಗಿದಂಗ ಡುಬ್ಬದಿಂದ ಬಾಲದ ತನಕ ನೇರಳಿ ಬಣ್ಣ ಉಕ್ಕಿ ಬಂದೈತಿ.

"ಕೈಯಾಂದು ಎಷ್ಟ ತಿಕ್ಕಿದ್ರೂ ಹೋಗವಲ್ದ್ರೀ. ಎತ್ತು ಬಾವಿಗೆ ಬಿಡಾಕ ಅಂಜಿಕಿ, ಮನ್ಯಾಗ ಇಡಾಕ ಅಂಜಿಕಿ. ಯಾರ ಮುಂದೂ ಹೇಳಬ್ಯಾಡ್ರಿ, ಕೈ ಮುಗೀತೇನಿ."

ಎಷ್ಟೋ ದಿನದ ಮ್ಯಾಲೆ ನನಗ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ.

"ಗುಡ್ಡಿ ಇನ್ನೂ ಇಲ್ಲೇ ಐತ್ರಿ. ಎತ್ತು ತಂದು ಅದರಾಗ ಹಾಕಿಬಿಡ್ರಿ. ಬರೂಮುಂದ ಮಗಳನ್ನೂ ಕರಕೊಂಡು ಬರ್ರಿ. ನಿಮ್ಮ ಮನಿಗೂ ನಮ್ಮ ಮನಿಗೂ ಈಗೇನು ಫರಕ್ ಉಳೀತ್ರಿ?"

ಬಂದ್ಲು. ಎತ್ತುಗಳನ್ನ ಕುಬಸದ ಹೊಸಾ ಖಣದಾಗ ಕಟಗೊಂಡು ಬಂದಿದ್ಲು. ಗುಡ್ಡಿ ಮ್ಯಾಲಿಟ್ಟು, ಅತ್ತಾಗ ಇತ್ತಾಗ ನೋಡಿ, ಕೈ ಮುಗದ್ಲು. ನಮ್ಮ ಮನ್ಯಾಗ ಕುಂತು ಚಾನೂ ಕುಡದ್ಲು. ಮಗಳು ತೆಗ್ಗಿನ ದಂಡಿಗೆ ನಿಂತು, "ಅವ್ವಾ, ನನ್ನ ಹಿತ್ತಲನ ಇಲ್ಲಲ್ಲಬೇ" ಅಂತ ಕಣ್ಣೀರು ತಗದ್ಲು.

ಈಗ ತೆಗ್ಗಿನ್ಯಾಗ ಕೆಂಪ ಮಣ್ಣು ಬಂದು ಬಿದ್ದೈತಿ. ಅದು ಎಲ್ಲೀದು ಅಂತ ನಾ ಕೇಳಿಲ್ಲ. ಬೋರ್ಡ್ ಕೀಳೂದು ಇನ್ನೂ ಮಂಜೂರಾಗಿಲ್ಲ, ಅದರ ಮ್ಯಾಲೆ ಮೊಮ್ಮಗನ ಅರಬಿ ಒಣಗತಾವು. ಕೂಸು ಗುಂಡುಗುಂಡಗ ಐತಿ, ದವಾಖಾನ್ಯಾಗೂ ಚಲೋ ಐತಿ ಅಂದಾರ. ಅದು ಅಳಾಕ ಬಾಯಿ ತಗದ್ರ ಎಲ್ಲಾರೂ ತೊಟ್ಟಿಲಾ ತೂಗಾಕ ಓಡತಾರ. ನಾ ಮೊದಲ ನಾಲಿಗಿ ನೋಡತೇನಿ.