ಯಜಮಾನ್ರು ಇನ್ನೂ ಬಂದಿಲ್ಲ

ನಮ್ಮತ್ತೆ ಬೈರಮ್ಮ ಮದುವೆಯಾಗಿ ಹುಳಿಮಾವಿಗೆ ಬಂದಾಗಿನಿಂದ ಗಂಡನಿಗಿಂತ ಮೊದಲು ಒಂದು ತುತ್ತು ಬಾಯಿಗಿಟ್ಟವರಲ್ಲ. ಮಾವ ಗಂಗಾಧರಯ್ಯನವರೋ, ಅರಳಿಕಟ್ಟೆಯಲ್ಲಿ ಮಾತಿಗೆ ಕೂತರೆ ಹೊತ್ತುಗೊತ್ತಿಲ್ಲದ ಮನುಷ್ಯ. ಮುದ್ದೆ ತಣ್ಣಗಾಗಿ ಕಲ್ಲಾದರೂ ಅತ್ತೆ ಕಾಯುತ್ತಿದ್ದರು. ಹೊಲ ಹೋಗಿ ಬಾಡಿಗೆ ಮನೆಗಳೆದ್ದವು, ಕಾಯುವುದು ಮಾತ್ರ ಹೋಗಲಿಲ್ಲ. ಸೊಸೆಯಾಗಿ ಬಂದ ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ನಿಮ್ಮ ಹೊಟ್ಟೆನ ಮಾವನ ಹತ್ರ ಗಿರವಿ ಇಟ್ಟಿದೀರಾ ಅತ್ತೆ?" ಎಂದರೆ ನಕ್ಕುಬಿಡುತ್ತಿದ್ದರು.

ಅತ್ತೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದಾಗ, 'ಅರವತ್ತಕ್ಕೆ ಅರಳು ಮರಳು' ಎಂದು ನೆಂಟರು ನಕ್ಕರು. ಬೀದಿ ಕೊನೆಯ ಅಂಗಡಿಗೆ ಹೋದವರು ಮನೆಯ ದಾರಿ ತಿಳಿಯದೆ ಕೆರೆ ಏರಿಯ ಮೇಲೆ ಅಳುತ್ತ ಕೂತಿದ್ದ ದಿನ ಯಾರೂ ನಗಲಿಲ್ಲ. ಜಯನಗರದ ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಿಸಿದರು. ಮೊಮ್ಮಕ್ಕಳ ಹೆಸರು, ತಿಂಗಳ ಹೆಸರು ಕೇಳಿದರು. "ಇದು ವಯಸ್ಸಿನ ಮರೆವಲ್ಲಮ್ಮ, ಡಿಮೆನ್ಷಿಯಾ. ಮೆದುಳೇ ಸವೀತಾ ಇದೆ. ಮಾತ್ರೆಯಿಂದ ಸ್ವಲ್ಪ ಅನುಕೂಲ ಆಗ್ಬಹುದು, ವಾಸಿ ಆಗಲ್ಲ. ಹೊಸ ನೆನಪು ಮೊದಲು ಹೋಗುತ್ತೆ, ಹಳೇದು ಉಳಿಯುತ್ತೆ. ಅವರ ಜೊತೆ ವಾದ ಮಾತ್ರ ಮಾಡ್ಬೇಡಿ" ಎಂದರು.

ಉಳಿದದ್ದು ಕರಿಮೀಸೆಯ ಗಂಗಾಧರಯ್ಯ. ಎದುರಿಗೆ ಕೂತ ಬಿಳಿಗೂದಲಿನ ಮುದುಕ ಅತ್ತೆಯ ಪಾಲಿಗೆ ಯಾರೋ ಮಹಡಿ ಮೇಲಿನ ಬಾಡಿಗೆಯವನು. ಅವರನ್ನು ಕಂಡರೆ ಸೆರಗು ಹೊದ್ದು ಬಾಗಿಲ ಮರೆಗೆ ಸರಿಯುತ್ತಿದ್ದರು. ತಟ್ಟೆ ಇಟ್ಟರೆ, "ಯಜಮಾನ್ರು ಇನ್ನೂ ಬಂದಿಲ್ಲ ಕಣಮ್ಮ" ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ಒಂದು ದಿನ ಮಾವ ತಡೆಯಲಾರದೆ "ನಾನೇ ಕಣೇ ಬೈರಿ" ಎಂದು ಕೈ ಹಿಡಿದರು. ಅತ್ತೆ ಕಿರುಚಿಕೊಂಡು ಬೀದಿಗೆ ಓಡಿದರು. ಉಣ್ಣದೆ ಉಣ್ಣದೆ ಮೂಳೆ ಚಕ್ಕಳವಾದರು.

ದಾರಿ ಹೊಳೆದದ್ದು ಮಾವನಿಗೇ. ಮಹಡಿಯ ಖಾಲಿ ಕೋಣೆಗೆ ಹೋಗಿ ನನ್ನ ಮೊಬೈಲಿಗೆ ಫೋನ್ ಮಾಡಿದರು. ಮುಖ ಮರೆತ ಅತ್ತೆ ದನಿ ಮರೆತಿರಲಿಲ್ಲ.

"ಬೈರಿ, ನಾನು ಮಡಿವಾಳದಲ್ಲೇ ಊಟ ಮಾಡ್ದೆ. ಬರೋದು ತಡ ಆಗುತ್ತೆ. ನೀನು ಉಣ್ಣು."

"ಹೊಟ್ಟೆ ತುಂಬ ಉಂಡ್ರಾ?"

"ಉಂಡೆ."

ಅತ್ತೆ ಮುದ್ದೆ ಮುರಿದರು. ಜೀವಮಾನದಲ್ಲಿ ಒಂದು ದಿನವೂ ತಡವಾಗುತ್ತದೆಂದು ಹೇಳಿ ಕಳಿಸದ ಮನುಷ್ಯ, ಈಗ ದಿನಾ ಎರಡು ಹೊತ್ತು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದರು. ಹೆಂಡತಿ ಉಂಡಳೆಂದು ಗೊತ್ತಾಗುವವರೆಗೆ ತಾವೂ ಉಣ್ಣುತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ನನಗೆ ಏನೂ ಉಳಿಯಲಿಲ್ಲ.

ಮೊನ್ನೆ ಅತ್ತೆ ಫೋನಿನಲ್ಲಿ ದನಿ ತಗ್ಗಿಸಿದರು. ಸ್ಪೀಕರ್ ಹಾಕಿದ್ದರಿಂದ ಎಲ್ಲವೂ ನನಗೆ ಕೇಳುತ್ತಿತ್ತು.

"ಏನ್ರೀ, ಇಲ್ಕೇಳಿ. ಮೇಲ್ಮನೆ ಮುದುಕಪ್ಪ ದಿನಾ ಒಳಕ್ಕೆ ಬಂದು ನನ್ನೇ ನೋಡ್ಕೊಂಡು ಕೂರ್ತಾನೆ. ಒಂದೊಂದ್ಸಲ ಅಳ್ತಾನೆ. ನಂಗೆ ಭಯ ಆಗುತ್ತೆ. ನೀವು ಬಂದ್ಮೇಲೆ ಅವನಿಗೆ ಮನೆ ಖಾಲಿ ಮಾಡೋಕೆ ಹೇಳಿ."



"ಆಯ್ತು ಕಣೇ, ಹೇಳ್ತೀನಿ" ಅಂದರು ಮಾವ. "ನೀನು ಉಣ್ಣು."

ಅವತ್ತೇ ಅವರ ಹಾಸಿಗೆ ಮಹಡಿಗೆ ಹೋಯಿತು. ಈಗ ಅವರು ಕೆಳಗೆ ಬರುವುದಿಲ್ಲ. ನಾನು ತಟ್ಟೆ ಹಿಡಿದು ಮೇಲೆ ಹೋದರೆ ಕೇಳುವುದು ಒಂದೇ.

"ಉಂಡ್ಲಾ?"